ಮರಗಟ್ಟಿದ ತುಟಿ, ಹಳದಿ ಮೆಟ್ರೋ

ಹಲ್ಲಿನ ಇಂಪ್ಲಾಂಟ್‌ಗಾಗಿ ಲಂಡನ್ನಿನಿಂದ ಹಂಗೇರಿಯ ಬುಡಾಪೆಸ್ಟ್‌ಗೆ ಬಂದು ಇಂದಿಗೆ ನಾಲ್ಕು ದಿನ. ಲಂಡನ್ನಿನ ಖಾಸಗಿ ಚಿಕಿತ್ಸೆಯ ಖರ್ಚು ನನ್ನ ಕೈಗೆ ಎಟುಕುವಂತಿರಲಿಲ್ಲ.

ದಿನವೂ ನಾನು ಓಡಾಡುವುದು ಎಂ1 ಮೆಟ್ರೋದಲ್ಲಿ. ಪುಟ್ಟ ಹಳದಿ ರೈಲು. 1896ರಲ್ಲಿ ಶುರುವಾದದ್ದು, ಯುರೋಪಿನ ಮುಖ್ಯ ಭೂಭಾಗದಲ್ಲಿ ಇದೇ ಮೊದಲ ಸುರಂಗ ಮೆಟ್ರೋ. ಆಂದ್ರಾಶಿ ರಸ್ತೆಯ ಅಡಿಯಲ್ಲೇ ಓಡುತ್ತದೆ, ಕೆಲವು ಮೆಟ್ಟಿಲು ಇಳಿದರೆ ಸಾಕು, ಪ್ಲಾಟ್‌ಫಾರ್ಮ್. ಆದರೆ ಬಹುತೇಕ ನಿಲ್ದಾಣಗಳಲ್ಲಿ ಹೋಗುವ ದಿಕ್ಕಿಗೊಂದು, ಬರುವ ದಿಕ್ಕಿಗೊಂದು ಬೇರೆ ಬೇರೆ ದ್ವಾರ. ಯಾವ ಕಡೆಗೆ ಎಂಬುದನ್ನು ರಸ್ತೆಯ ಮೇಲೆಯೇ ತೀರ್ಮಾನಿಸಬೇಕು.

ನಿನ್ನೆ ಅದನ್ನೇ ತಪ್ಪಿದೆ. ಅರಿವಳಿಕೆ ಇನ್ನೂ ಇಳಿದಿರಲಿಲ್ಲ, ಬಾಯಲ್ಲಿ ಹತ್ತಿ. ಯಾರನ್ನಾದರೂ ಕೇಳೋಣವೆಂದರೆ ತುಟಿಯೇ ನನ್ನದಲ್ಲ. ಗಲಿಬಿಲಿಗೊಂಡು ನಿಂತಿದ್ದಾಗ ವಯಸ್ಸಾದ ಹೆಂಗಸೊಬ್ಬರು ಬಂದು, ತಮ್ಮ ಕೆನ್ನೆಯ ಮೇಲೆ ಕೈಯಿಟ್ಟು ‘ಫೋಗ್?’ ಎಂದರು. ಹಂಗೇರಿಯನ್ನಿನಲ್ಲಿ ಹಲ್ಲಿಗೆ ಹಾಗೆನ್ನುತ್ತಾರೆ; ದವಾಖಾನೆಯ ಬಾಗಿಲಲ್ಲಿ ಕಲಿತಿದ್ದ ಪದ. ತಲೆಯಾಡಿಸಿ, ಹೋಗಬೇಕಾದ ನಿಲ್ದಾಣವನ್ನು ಮೊಬೈಲಿನಲ್ಲಿ ತೋರಿಸಿದೆ. ನನ್ನ ಮೊಣಕೈ ಹಿಡಿದು ರಸ್ತೆ ದಾಟಿಸಿ, ಎದುರಿನ ದ್ವಾರದವರೆಗೂ ಬಂದರು.

ಹಲ್ಲುನೋವೆಂದು ಅತ್ತಾಗ ಲವಂಗ ಇಟ್ಟು ಕೆನ್ನೆ ಸವರುತ್ತಿದ್ದ ಅಜ್ಜಿ ಎಷ್ಟೋ ವರ್ಷಗಳ ಮೇಲೆ ನೆನಪಾದರು. ಧನ್ಯವಾದ ಹೇಳಲು ಬಾಯಿ ಬರಲಿಲ್ಲ. ಎರಡೂ ಕೈ ಜೋಡಿಸಿದೆ. ಅವರೂ ಜೋಡಿಸಿದರು.