ಯಾರಿಗೋಸ್ಕರ ಹಾಕಿದೆ?

2020 ಜನವರಿ 18, ಶನಿವಾರ ರಾತ್ರಿ, ಜೆರುಸಲೇಂ

ಮೂರು ನಕ್ಷತ್ರ ಮೂಡಿ ಶಬ್ಬಾತ್ ಮುಗಿಯಿತು. ಶುಕ್ರವಾರ ಸಂಜೆಯಿಂದ ಶನಿವಾರ ರಾತ್ರಿವರೆಗೆ ಯೆಹೂದಿಗಳ ವಿಶ್ರಾಂತಿಯ ದಿನ ಅದು; ಬೆಂಕಿ ಹಚ್ಚುವಂತಿಲ್ಲ, ಸ್ವಿಚ್ ಒತ್ತುವಂತಿಲ್ಲ. ನಾನು ನೋಡಿಕೊಳ್ಳುವ ಅಜ್ಜಿ ತಮ್ಮ ಮಗಳ ಜೊತೆ ಫೋನಿನಲ್ಲಿದ್ದಾರೆ. ನನಗೆ ಇನ್ನೂ ನಿನ್ನೆ ರಾತ್ರಿಯದೇ ಗುಂಗು.

ತಪ್ಪು ನನ್ನದೇ. ಇಲ್ಲಿ ಶುಕ್ರವಾರ ಸೂರ್ಯ ಮುಳುಗುವ 40 ನಿಮಿಷ ಮೊದಲೇ ಸೈರನ್ ಕೂಗುತ್ತದೆ, ಮೇಣದಬತ್ತಿ ಹಚ್ಚುವ ಹೊತ್ತು. ಅಷ್ಟರೊಳಗೆ ಎಲ್ಲ ಮಾಡಿದ್ದೆ. ಹಾಲ್‌ನ ದೀಪಕ್ಕೆ ಟೈಮರ್, ಊಟ ಬಿಸಿಯಾಗಿರಲು ಪ್ಲಾಟಾ ಅನ್ನುವ ವಿದ್ಯುತ್ ತಟ್ಟೆ, ಫ್ರಿಜ್ಜಿನೊಳಗಿನ ಬಲ್ಬ್ ಕಳಚಿ ಡಬ್ಬಿಗೆ. ಬಚ್ಚಲಿನ ಲೈಟ್ ಮಾತ್ರ ಇವತ್ತು ರಾತ್ರಿವರೆಗೂ ಉರಿಯುತ್ತಲೇ ಇರಬೇಕಿತ್ತು. ಒಂಬತ್ತಕ್ಕೆ ಹೋಗಿ ಬಂದವಳು ಟಪ್ಪಂತ ಆಫ್ ಮಾಡಿಬಿಟ್ಟೆ. ಶಿರ್ವದ ಮನೆಯಲ್ಲಿ ಲೈಟ್ ಬಿಟ್ಟು ಬಂದರೆ ಅಮ್ಮ "ಬಿಲ್ಲು ನಿನ್ನ ಅಜ್ಜ ಕಟ್ಟುತ್ತಾರಾ?" ಅನ್ನುತ್ತಿದ್ದರು. ಆ ಮನೆಯ ಕೈ ಇದು.

ಹನ್ನೊಂದರ ಹೊತ್ತಿಗೆ ಅಜ್ಜಿ ವಾಕರ್ ಹಿಡಿದು ಬಚ್ಚಲ ಬಾಗಿಲಲ್ಲಿ ನಿಂತರು. "ಲೈಟ್ ಹಾಕು" ಅನ್ನಲಿಲ್ಲ, ಶಬ್ಬಾತಿನಲ್ಲಿ ಹಾಗೆ ನೇರವಾಗಿ ಹೇಳುವಂತಿಲ್ಲ. "ಒಳಗೆ ಕತ್ತಲೆ," ಅಂದರು, ಗೋಡೆಗೆ ಹೇಳಿದ ಹಾಗೆ.

ಹಾಕಿದೆ. ಆದರೂ ಕಾಲಿಡಲಿಲ್ಲ.

"ಯಾರಿಗೋಸ್ಕರ ಹಾಕಿದೆ?"

ಯೆಹೂದಿ ಅಲ್ಲದ ನಾನು ನನಗೆಂದು ದೀಪ ಹಚ್ಚಿಕೊಂಡರೆ ಆ ಬೆಳಕು ಅವರಿಗೂ ಆಗುತ್ತದೆ. ಅವರಿಗೆಂದೇ ಹಚ್ಚಿದರೆ ಆಗುವುದಿಲ್ಲ. ಯೆಹೂದಿಗಳ ಹಳೆಯ ಧರ್ಮಶಾಸ್ತ್ರ ಮಿಶ್ನಾದ ಮಾತು, ಎಣ್ಣೆದೀಪದ ಕಾಲದ್ದು.

"ನನಗೆ, ಸಾವ್ತಾ. ಕೈ ತೊಳೀಬೇಕಿತ್ತು," ಅಂದೆ. ಸಾವ್ತಾ ಅಂದರೆ ಇವರ ಭಾಷೆಯಲ್ಲಿ ಅಜ್ಜಿ.

ಹೋಗಿ ತೊಳೆದೆ. ಸೋಪು ಹಚ್ಚಿ, ಎರಡು ಸಲ. ಜನವರಿಯ ತಣ್ಣೀರು, ಬೆರಳು ಮರಗಟ್ಟಿತು.

ಯೆಶಿವಾದಲ್ಲಿ, ಅಂದರೆ ಧರ್ಮಪಾಠಶಾಲೆಯಲ್ಲಿ, ಓದುವ ಅಜ್ಜಿಯ ಮೊಮ್ಮಗ, ಕಾಯಿಲೆಯವರು ನೇರವಾಗಿಯೇ ಕೇಳಬಹುದು ಅಂತ ಎಷ್ಟೋ ಸಲ ಹೇಳಿದ್ದಾನೆ. "ಯಾರು ಕಾಯಿಲೆಯವರು?" ಅಂತ ಅವನನ್ನೇ ಗದರುತ್ತಾರೆ. ಒಮ್ಮೆ ಅವನನ್ನು ಕೇಳಿದ್ದೆ: ಹಳೇ ಬಲ್ಬಿನಲ್ಲಿ ತಂತಿ ಕೆಂಪಗೆ ಕಾಯುತ್ತದೆ, ಬೆಂಕಿ ಅಂದರೆ ಒಪ್ಪೋಣ, ಎಲ್‌ಇಡಿಯಲ್ಲಿ ಏನು ಉರಿಯುತ್ತದೆ ಮಾರಾಯ? ಖುಷಿಯಿಂದ ಕುರ್ಚಿ ಎಳೆದುಕೊಂಡು ಕೂತ. ಸರ್ಕ್ಯೂಟ್ ಕೂಡಿಸುವುದೂ ಶಬ್ಬಾತಿನಲ್ಲಿ ಮಾಡಬಾರದ 'ಕಟ್ಟುವ' ಕೆಲಸವೇ ಅಂದರಂತೆ ಬ್ನೇ ಬ್ರಾಕ್ ಊರಿನ ಧರ್ಮಪಂಡಿತ ಹಜೋನ್ ಇಶ್. ಈ ಊರಿನವರೇ ಆದ ಇನ್ನೊಬ್ಬ ಪಂಡಿತ ಶ್ಲೋಮೊ ಜಲ್ಮನ್ ಔಅರ್‌ಬಾಖ್ ಅದನ್ನು ಒಪ್ಪಲಿಲ್ಲ. ಹಾಗಂತ ಸ್ವಿಚ್ ಒತ್ತಿ ಅಂತಲೂ ಹೇಳಲಿಲ್ಲ. ಅರ್ಧ ತಾಸು ವಾದಿಸಿ ಕೊನೆಗೆ ಇಬ್ಬರೂ ಬೇಡ ಅಂದರು ಅನ್ನುವುದಕ್ಕೆ ಇಷ್ಟು ಸಂಭ್ರಮವಾ!

ನಾನು ಹೇಳಿದ್ದು ಸುಳ್ಳಾ? ಕೈಯಂತೂ ತೊಳೆದೆನಲ್ಲ. ಬೆಳಿಗ್ಗೆ ಅಜ್ಜಿ, "ನಿನ್ನೆ ತುಂಬ ಹೊತ್ತು ಕೈ ತೊಳೆದೆ ನೀನು" ಅಂದರು. ನಕ್ಕರಾ, ಬಿಸಿಲಿಗೆ ಕಣ್ಣು ಕಿರಿದು ಮಾಡಿದರಾ, ತಿಳಿಯಲಿಲ್ಲ.

ಫೋನ್ ಇಟ್ಟರು, ಕರೆಯುತ್ತಿದ್ದಾರೆ. ಬಚ್ಚಲಿನ ಲೈಟ್ ಇನ್ನೂ ಉರಿಯುತ್ತಿದೆ, ಈಗಲಾದರೂ ಆಫ್