ಪೋಂ ದ್ಯು ಗಾರ್ ಪಕ್ಕದಲ್ಲಿ ಟೆಂಟು, ನೀಮ್‌ವರೆಗೆ ನೀರಿನ ದಾರಿ

ದಕ್ಷಿಣ ಫ್ರಾನ್ಸಿನ ರೋಮನ್ ಕಟ್ಟಡಗಳನ್ನು ನೋಡಲು ಹೊರಟವರು ಸಾಮಾನ್ಯವಾಗಿ ಒರಾಂಜ್, ಆರ್ಲ್, ನೀಮ್, ಪೋಂ ದ್ಯು ಗಾರ್ ಎಲ್ಲವನ್ನೂ ಒಂದೇ ಪಟ್ಟಿಗೆ ಸೇರಿಸಿ, ದಿನಕ್ಕೊಂದು ಊರಿನಲ್ಲಿ ಟೆಂಟು ಹಾಕಿ ಕಿತ್ತು ದಣಿಯುತ್ತಾರೆ. ಅದು ಬೇಡ. ಉಜೆಸ್ ಮತ್ತು ರೆಮುಲಾಂ ನಡುವೆ ಒಂದೇ ಕ್ಯಾಂಪ್‌ಸೈಟ್ ಹಿಡಿಯಿರಿ. ರೋಮನ್ನರು ನೀಮ್ ನಗರಕ್ಕೆ ನೀರು ಒಯ್ದ ಕಾಲುವೆಯ ಜಾಡನ್ನು ಬುಗ್ಗೆಯಿಂದ ತೊಟ್ಟಿಯವರೆಗೆ ಕ್ರಮವಾಗಿ ನೋಡಿ. ಹಾಗೆ ನೋಡಿದರೆ ಮಾತ್ರ ಆ ಕಾಲುವೆಯನ್ನು ಹೊಳೆ ದಾಟಿಸಿದ ಪೋಂ ದ್ಯು ಗಾರ್ ಸೇತುವೆ ಯಾಕೆ ಅಷ್ಟು ಎತ್ತರಕ್ಕೆ ನಿಂತಿದೆ ಎಂದು ತಿಳಿಯುತ್ತದೆ.

ಮೊದಲು ಟೆಂಟಿನ ವಿಚಾರ. ಇಲ್ಲಿಯ ನೆಲ ಸುಣ್ಣಕಲ್ಲಿನದು. ಟೆಂಟಿನ ಜೊತೆ ಬರುವ ತೆಳು ಅಲ್ಯೂಮಿನಿಯಂ ಗೂಟಗಳು ನಾಲ್ಕು ಏಟಿಗೆ ಬಾಗುತ್ತವೆ. 20ರಿಂದ 25 ಸೆಂಟಿಮೀಟರಿನ ಗಟ್ಟಿ ಉಕ್ಕಿನ ಗೂಟ, ಒಂದು ಸುತ್ತಿಗೆ ಇರಲಿ. ರೋನ್ ಕಣಿವೆಯಲ್ಲಿ ಉತ್ತರದಿಂದ ಬೀಸುವ ಮಿಸ್ತ್ರಾಲ್ ಗಾಳಿ ದಿನಗಟ್ಟಲೆ ನಿಲ್ಲದಿರಬಹುದು. ಟೆಂಟಿನ ತಗ್ಗು ಬೆನ್ನು ಉತ್ತರಕ್ಕೂ ಬಾಗಿಲು ದಕ್ಷಿಣಕ್ಕೂ ಇರಲಿ. ಹಗ್ಗಗಳನ್ನೆಲ್ಲ ಮೊದಲ ದಿನವೇ ಕಟ್ಟಿಬಿಡಿ.

ಕರೆಂಟು ಬಹಳ ಕಡೆ 6 ಆಂಪಿಯರ್ ಮಾತ್ರ, ಅಂದರೆ ಸುಮಾರು 1,380 ವಾಟ್. 700 ವಾಟಿನ ರೈಸ್ ಕುಕ್ಕರ್ ನಡೆಯುತ್ತದೆ. 2,000 ವಾಟಿನ ಇಂಡಕ್ಷನ್ ಒಲೆಯಾಗಲಿ ಕೆಟಲ್ ಆಗಲಿ ಹಾಕಿದರೆ ಫ್ಯೂಸ್ ಬಿದ್ದುಹೋಗುತ್ತದೆ. ಕಂಬದ ಸಾಕೆಟ್ಟು ಮೂರು ಕಡ್ಡಿಯ ನೀಲಿ ಪ್ಲಗ್ಗಿನದಾಗಿದ್ದರೆ ಅಡಾಪ್ಟರ್ ಬೇಕು. ಸುರುಳಿ ವೈರನ್ನು ಪೂರ್ತಿ ಬಿಚ್ಚಿಯೇ ಬಳಸಿ. ಸುತ್ತಿದಂತೆಯೇ ಬಿಟ್ಟರೆ ಬಿಸಿ ಹೊರಹೋಗದೆ ವೈರಿನ ಮೇಲ್ಪದರ ಕರಗುತ್ತದೆ. ಗ್ಯಾಸ್ ಡಬ್ಬಿಯನ್ನು ವಿಮಾನದಲ್ಲಿ ತರುವಂತಿಲ್ಲ, ಅಲ್ಲೇ ಕೊಳ್ಳಬೇಕು. ಫ್ರಾನ್ಸಿನ ಅಂಗಡಿಗಳಲ್ಲಿ ಸುಲಭವಾಗಿ ಸಿಗುವ ಕ್ಯಾಂಪಿಂಗಾಜ್ ಡಬ್ಬಿ ಒತ್ತಿ ಕೂರಿಸುವ ಬಗೆಯದು. ತಿರುಪು ಹಾಕುವ ಒಲೆಗೆ ಅದು ಕೂರುವುದಿಲ್ಲ. ಬೇಸಿಗೆಯಲ್ಲಿ ಕುರುಚಲು ಕಾಡಿಗೆ ಬೆಂಕಿ ಬೀಳುವ ಭಯ ಇರುವುದರಿಂದ ಇದ್ದಿಲಿನ ಒಲೆಗೆ ನಿಷೇಧವಿರುವುದು ಸಾಮಾನ್ಯ.

ಸೆಪ್ಟೆಂಬರಿನಲ್ಲಿ ಹೋಗುವುದಾದರೆ ಹೊಳೆದಂಡೆಯ ಜಾಗ ಕೇಳಬೇಡಿ. ಸೆವೆನ್ ಬೆಟ್ಟಗಳಲ್ಲಿ ಶರತ್ಕಾಲದ ಮಳೆ ಸುರಿದರೆ ಗಾರ್ದೋಂ ಹೊಳೆ ಕೆಲವೇ ಗಂಟೆಗಳಲ್ಲಿ ಉಕ್ಕುತ್ತದೆ. 2002ರ ಸೆಪ್ಟೆಂಬರಿನ ಪ್ರವಾಹ ಈ ಇಡೀ ಜಿಲ್ಲೆಯನ್ನು ನಲುಗಿಸಿತ್ತು.

ಇನ್ನು ನೀರಿನ ದಾರಿ. ಮೊದಲ ದಿನ ಉಜೆಸ್ ಊರಿನ ಕೆಳಗಿನ ಕಣಿವೆಗೆ ಇಳಿದು ಯೂರ್ ಬುಗ್ಗೆ ನೋಡಿ. ಅಲ್ಲಿಂದ ನೀಮ್‌ಗೆ ನೇರ ಗೀಟು ಎಳೆದರೆ ಸುಮಾರು 20 ಕಿಲೋಮೀಟರ್. ನಡುವೆ ಗುಡ್ಡಗಳು ಅಡ್ಡ ಇರುವುದರಿಂದ ರೋಮನ್ನರು ಅವನ್ನು ಬಳಸಿಕೊಂಡು ಸುಮಾರು 50 ಕಿಲೋಮೀಟರ್ ಕಾಲುವೆ ಕಟ್ಟಿದರು. ಇಷ್ಟು ದೂರಕ್ಕೂ ಸಿಕ್ಕ ಒಟ್ಟು ಇಳಿಜಾರು ಸುಮಾರು 12.6 ಮೀಟರ್ ಅಷ್ಟೆ. ಸರಾಸರಿ ಲೆಕ್ಕ ಹಾಕಿದರೆ 100 ಮೀಟರಿಗೆ ಎರಡೂವರೆ ಸೆಂಟಿಮೀಟರ್. ಗಾರ್ದೋಂ ಕಮರಿಯಲ್ಲಿ ಕಾಲುವೆಯನ್ನು ಕೆಳಕ್ಕಿಳಿಸಿದ್ದರೆ ನೀರು ನೀಮ್ ತಲುಪುತ್ತಲೇ ಇರಲಿಲ್ಲ. ಹಾಗಾಗಿಯೇ ಮೂರು ಅಂತಸ್ತಿನ, ಸುಮಾರು 49 ಮೀಟರ್ ಎತ್ತರದ ಸೇತುವೆ ಎದ್ದಿತು.

ಪೋಂ ದ್ಯು ಗಾರ್‌ಗೆ ಬೆಳಗ್ಗೆ ಬೇಗ ಹೋಗಿ ಎಡದಂಡೆಯಲ್ಲಿ ಕಾರು ನಿಲ್ಲಿಸಿ. ಮ್ಯೂಸಿಯಂ ಇರುವುದು ಅಲ್ಲೇ. ಸೇತುವೆಗಿಂತ ಮೊದಲೇ ವೆರ್ ಹಳ್ಳಿಯ ಕಡೆಗೆ ನಡೆದು ಕಾಲುವೆಯ ಪಾಳುಗೋಡೆಗಳನ್ನು ನೋಡಿ. ಒಳಮೈಗೆ ದಪ್ಪನೆ ಅಂಟಿಕೊಂಡಿರುವ ಪದರ ನೀರೇ ಬಿಟ್ಟುಹೋದ ಸುಣ್ಣ. ಕೆರೆದು ತೆಗೆಯುವುದು ನಿಂತ ಮೇಲೆ ಅದು ಕಾಲುವೆಯನ್ನು ಇಕ್ಕಟ್ಟಾಗಿಸಿ ನೀರಿನ ಹರಿವನ್ನೇ ಕುಗ್ಗಿಸಿತು.

ಸೇತುವೆಗೆ ಹೊಳೆಯ ಕೆಳಹರಿವಿನ ಬದಿಯಲ್ಲಿ 18ನೇ ಶತಮಾನದ ರಸ್ತೆ ಸೇತುವೆ ಅಂಟಿಕೊಂಡಿದೆ. ರೋಮನ್ ಮುಖವನ್ನಷ್ಟೇ ನೋಡಬೇಕಾದರೆ ಮೇಲ್ಹರಿವಿನ ದಂಡೆಗೆ ಹೋಗಬೇಕು. ಸಂಜೆಯ ಬಿಸಿಲು ಬೀಳುವುದೂ ಆ ಬದಿಗೇ. ಕೆಳಗೆ 6 ಕಮಾನು, ನಡುವೆ 11, ಮೇಲೆ ಈಗ ಉಳಿದಿರುವುದು 35. ಕೆಳಗಿನ ಎರಡು ಅಂತಸ್ತುಗಳ ಕಲ್ಲುಗಳಿಗೆ ಗಾರೆಯಿಲ್ಲ. ತೂಕ ಮತ್ತು ನಿಖರವಾದ ಕೆತ್ತನೆಯಿಂದಲೇ ನಿಂತಿವೆ. ಗೋಡೆಯಿಂದ ಹೊರಚಾಚಿದ ಕಲ್ಲುಗಳು ಕಟ್ಟುವಾಗ ಸಾರುವೆ ಕೂರಿಸಲು ಬಿಟ್ಟವು. ಮೇಲಿನ ಕಾಲುವೆಯೊಳಗೆ ಗೈಡ್ ಜೊತೆಗಷ್ಟೇ ಪ್ರವೇಶ, ಮೊದಲೇ ಬುಕ್ ಮಾಡಿ. ಹೊಳೆಯ ಬಂಡೆಗಳು ಪಾಚಿಯಿಂದ ಜಾರುತ್ತವೆ, ಹವಾಯಿ ಚಪ್ಪಲಿ ಸಾಲದು.

ನೀಮ್‌ನಲ್ಲಿ ಎಲ್ಲರೂ ರೋಮನ್ನರ ಅಖಾಡಕ್ಕೆ, ಅಂದರೆ ಸುತ್ತ ಮೆಟ್ಟಿಲು ಆಸನಗಳಿರುವ ಬಯಲು ರಂಗಕ್ಕೆ, ಓಡುತ್ತಾರೆ. ನೀವು ಮೊದಲು ಕ್ಯಾಸ್ಟೆಲ್ಲಮ್, ಅಂದರೆ ಕಾಲುವೆಯ ನೀರು ಬಂದು ಸೇರುತ್ತಿದ್ದ ತೊಟ್ಟಿ, ಹುಡುಕಿ. ರಸ್ತೆ ಪಕ್ಕದ ಕಂಬಿಗಳ ಹಿಂದೆ ಸುಮಾರು 5.5 ಮೀಟರ್ ಅಗಲದ ದುಂಡು ತೊಟ್ಟಿಯಿದೆ, ಟಿಕೆಟ್ಟೂ ಇಲ್ಲ. ಗೋಡೆಯ 10 ದೊಡ್ಡ ತೂತುಗಳಿಂದ ಸೀಸದ ಕೊಳವೆಗಳು ನಗರಕ್ಕೆ ನೀರು ಹಂಚುತ್ತಿದ್ದವು. ಬುಗ್ಗೆಯನ್ನೂ ಸೇತುವೆಯನ್ನೂ ನೋಡಿ ಬಂದವರಿಗೆ ಈ ಪುಟ್ಟ ತೊಟ್ಟಿಯೇ ನೀಮ್‌ನ ಅತಿ ದೊಡ್ಡ ದೃಶ್ಯ.

ಮೇಜೋಂ ಕಾರೆ ದೇಗುಲದ ಹಣೆಯ ಮೇಲೆ ತೂತುಗಳಷ್ಟೇ ಕಾಣುತ್ತವೆ. ಕಳಚಿಹೋದ ಕಂಚಿನ ಅಕ್ಷರಗಳ ಮೊಳೆಗುರುತು ಅವು. 1758ರಲ್ಲಿ ಸೆಗಿಯೇ ಎಂಬ ವಿದ್ವಾಂಸ ಅವುಗಳಿಂದಲೇ ಶಾಸನ ಓದಿ, ದೇಗುಲ ಅಗಸ್ಟಸ್‌ನ ಮೊಮ್ಮಕ್ಕಳಿಗೆ ಅರ್ಪಿತವೆಂದು ತೋರಿಸಿದ. ಅಖಾಡವನ್ನು ಕೊನೆಗಿಡಿ. ಹಬ್ಬ, ಸಂಗೀತ ಕಚೇರಿಗಳ ದಿನ ಪ್ರವಾಸಿಗರಿಗೆ ಮುಚ್ಚಿರುತ್ತಾರೆ, ಹಿಂದಿನ ದಿನವೇ ವಿಚಾರಿಸಿ. ಮುಚ್ಚಿದ್ದರೆ ರೈಲಿನಲ್ಲಿ ಆರ್ಲ್‌ಗೆ ಹೋದರಾಯಿತು, ಅಲ್ಲಿಯ ಅಖಾಡವೂ ಅಷ್ಟೇ ಗಟ್ಟಿಯಾಗಿ ನಿಂತಿದೆ.