ಬೆಳಗಿನ 5.29ನ್ನು ನಂಬಿ ಕೂತದ್ದು

ಉತ್ತರ ಭಾರತದ ಪ್ಯಾಕೇಜ್ ಕೇಳಿಕೊಂಡು ಬರುವವರು ಈಗಲೂ ಮೊದಲು ವಿಚಾರಿಸುವುದು ಒಂದನ್ನೇ: “ಅಲ್ಲೆಲ್ಲ ಈಗ ಪರವಾಗಿಲ್ಲವೇ?” ನಮ್ಮ ಸೇಲ್ಸ್‌ನವರ ಬಳಿ ಅದಕ್ಕೆ ಬಾಯಿಪಾಠದ ಉತ್ತರವಿದೆ. ಆಪರೇಷನ್ಸ್ ಮೇಜಿನಲ್ಲಿ ಕೂರುವ ನನ್ನ ಬಳಿಯೂ ಒಂದಿತ್ತು, 2025ರ ಮೇ ತಿಂಗಳಿನವರೆಗೆ.

ಏಪ್ರಿಲ್ 22ರಂದು ಪಹಲ್ಗಾಮ್‌ನ ಬೈಸರನ್ ಹುಲ್ಲುಗಾವಲಿನಲ್ಲಿ 26 ಜನರನ್ನು ಕೊಂದರು. ಸತ್ತವರಲ್ಲಿ ನಮ್ಮ ರಾಜ್ಯದವರೂ ಇದ್ದರು. ಮರುದಿನದಿಂದ ಕಚೇರಿಯ ಫೋನುಗಳಿಗೆ ಬಿಡುವಿಲ್ಲ. ಕಾಶ್ಮೀರದ ಗುಂಪುಗಳೆಲ್ಲ ಒಂದಾದ ಮೇಲೊಂದು ರದ್ದು. ತಿಂಗಳ ಕೊನೆಯ ಹೊತ್ತಿಗೆ ಅಲ್ಲಿನ ಸರ್ಕಾರವೇ 87 ಪ್ರವಾಸಿ ತಾಣಗಳಲ್ಲಿ 48ನ್ನು ಮುಚ್ಚಿತು. ಹೌಸ್‌ಬೋಟಿಗೆ, ಗುಲ್ಮಾರ್ಗ್‌ನ ಹೋಟೆಲಿಗೆ ಕಟ್ಟಿದ್ದ ಮುಂಗಡಕ್ಕೆ ಕ್ರೆಡಿಟ್ ನೋಟ್ ಮಾತ್ರ ಕೊಡುತ್ತೇವೆ ಎಂದು ಶ್ರೀನಗರದಲ್ಲಿ ನಮ್ಮ ಪರವಾಗಿ ವ್ಯವಸ್ಥೆ ನೋಡುವ ಸ್ಥಳೀಯ ಏಜೆನ್ಸಿಯವರು (ಡಿಎಂಸಿ) ಕೈಮುಗಿದರು. ಅವರ ಸೀಸನ್ನೇ ಮುಳುಗಿತ್ತು, ಜಗಳವಾಡಲು ನನಗೆ ಮನಸ್ಸಾಗಲಿಲ್ಲ. ಇತ್ತ ಗ್ರಾಹಕರಿಗೆ ಹಣ ಮರಳಿಸುವ ಮಾತೆತ್ತಿದರೆ ನಮ್ಮ ಆಡಳಿತದವರಿಗೆ ಊಟ ಸೇರುವುದಿಲ್ಲ. ಹಾಗೆ ಹುಟ್ಟಿದ್ದು ‘ಪರ್ಯಾಯ ಯೋಜನೆ’. ಚಂಡೀಗಢದಲ್ಲಿ ಇಳಿಯುವುದು, ಶಿಮ್ಲಾ, ಮನಾಲಿ, ಧರ್ಮಶಾಲಾ, ಡಾಲ್‌ಹೌಸಿ ಮುಗಿಸಿ ಅಮೃತಸರಕ್ಕೆ ಬರುವುದು, ಅಲ್ಲಿಂದ ಬೆಂಗಳೂರಿಗೆ ನೇರ ವಿಮಾನ. ಶ್ರೀನಗರಕ್ಕೆ ಹೊರಡಬೇಕಿದ್ದ ಒಂದು ಗುಂಪು ಒಪ್ಪಿತು. ಮೈಸೂರು, ಮಂಡ್ಯದ ಕಡೆಯವರು, ಹೆಚ್ಚಿನವರು ನಿವೃತ್ತರು. ರೂಟ್ ಹಾಕಿದವನು ನಾನು.

ಹಾಕುವಾಗ ನಕ್ಷೆ ನೋಡಲಿಲ್ಲವೇ ಎಂದರೆ, ನೋಡಿದ್ದೆ. ಕಿಲೋಮೀಟರ್ ಲೆಕ್ಕಕ್ಕೆ, ಡೀಸೆಲ್ ಲೆಕ್ಕಕ್ಕೆ. ಡಾಲ್‌ಹೌಸಿಯಿಂದ ಇಳಿದವರು ಪಠಾಣ್‌ಕೋಟ್, ಗುರುದಾಸ್‌ಪುರ ಹಿಡಿದು ಅಮೃತಸರ ಸೇರುವವರೆಗೆ ಗಡಿ ಬಲಗಡೆಯಲ್ಲೇ ಇರುತ್ತದೆ. ಅಮೃತಸರದಿಂದ ವಾಘಾ ಗಡಿಯ ನಮ್ಮ ಬದಿಯ ಅಟ್ಟಾರಿಗೆ 30 ಕಿಲೋಮೀಟರಿನಷ್ಟು. ಈ ಸಾಮೀಪ್ಯವನ್ನೇ ನಾವು ಆಕರ್ಷಣೆ ಎಂದು ಮಾರುತ್ತಿದ್ದೆವು: ‘ವಾಘಾ ಗಡಿ ಪೆರೇಡ್’ ಕರಪತ್ರದಲ್ಲಿ ದಪ್ಪ ಅಕ್ಷರದಲ್ಲಿತ್ತು. ಏಪ್ರಿಲ್ 24ರಿಂದ ಅಲ್ಲಿ ಗೇಟು ತೆರೆಯುವುದನ್ನೂ ಎರಡು ಕಡೆಯವರು ಕೈಕುಲುಕುವುದನ್ನೂ ನಿಲ್ಲಿಸಿದ್ದರು. ಆ ಸುದ್ದಿ ಓದಿದ ನಾನು ಕರಪತ್ರಕ್ಕೆ ‘ಕಾರ್ಯಕ್ರಮ ಸಂಕ್ಷಿಪ್ತವಾಗಿರಬಹುದು’ ಎಂಬ ಸಾಲು ಸೇರಿಸಿ ಮುಂದಿನ ಫೈಲ್ ತೆಗೆದೆ. ಕಾಶ್ಮೀರ ಅಲ್ಲವಲ್ಲ, ಅಷ್ಟು ಸಾಕು ಎಂಬುದು ಗ್ರಾಹಕರ ಸಮಾಧಾನವಾಗಿತ್ತು, ನಮ್ಮದೂ ಅದೇ.

ಮೇ 6ರ ಸಂಜೆ ಗುಂಪು ಪೆರೇಡ್ ನೋಡಿ ಬಂತು. ಅದೇ ರಾತ್ರಿ ಒಂದು ಗಂಟೆ ದಾಟಿದ ಮೇಲೆ ಆಪರೇಷನ್ ಸಿಂಧೂರ.

ಬೆಳಗ್ಗೆ ಟೂರ್ ಮ್ಯಾನೇಜರ್ ಫೋನ್ ಮಾಡಿದ. ಹಾಸನದ ಕಡೆಯ ಹುಡುಗ, ಹೆಚ್ಚು ಮಾತಿಲ್ಲ. “ಸಾರ್, ಇವತ್ತಿನ ಫ್ಲೈಟ್ ರದ್ದು ಎಂದು ಮೆಸೇಜ್ ಬಂದಿದೆ. ಬಸ್ಸು ಇನ್ನೂ ಇಲ್ಲೇ ಇದೆ. ದಿಲ್ಲಿಗೆ ಹೊರಟುಬಿಡೋಣವೇ?” ಅಮೃತಸರ, ಚಂಡೀಗಢ, ಶಿಮ್ಲಾ, ಧರ್ಮಶಾಲಾದ ಗಗ್ಗಲ್, ಜಮ್ಮು, ಶ್ರೀನಗರ, ಎಲ್ಲ ನಿಲ್ದಾಣಗಳೂ ಮುಚ್ಚಿದ್ದವು. ದಿಲ್ಲಿ ಅಲ್ಲಿಂದ 450 ಕಿಲೋಮೀಟರ್.

ಬೇಡ ಎಂದೆ. ಸ್ವಲ್ಪವೂ ತಡವರಿಸದೆ ಎಂದೆ. ಏಕೆಂದರೆ ಇಂಥದ್ದನ್ನು ನಾನು ಒಮ್ಮೆ ಕಂಡಿದ್ದೆ. 2019ರ ಫೆಬ್ರವರಿ 27, ಬಾಲಾಕೋಟ್ ದಾಳಿಯ ಮರುದಿನ, ಹೀಗೆಯೇ ಅಮೃತಸರ, ಜಮ್ಮು, ಶ್ರೀನಗರ, ಲೇಹ್ ಎಲ್ಲವನ್ನೂ ಮುಚ್ಚಿದ್ದರು. ಆಗ ಗಾಬರಿಬಿದ್ದು ಒಂದು ಗುಂಪನ್ನು ರಸ್ತೆಯಲ್ಲಿ ದಿಲ್ಲಿಗೆ ಅಟ್ಟಿದ್ದೆ. ಅವರು ಹೊರಟು ಕೆಲವು ಗಂಟೆಗಳಲ್ಲೇ, ಮಧ್ಯಾಹ್ನದ ಹೊತ್ತಿಗೆ, ನಿಲ್ದಾಣಗಳು ತೆರೆದವು. ದಿಲ್ಲಿಯಿಂದ ಹೊಸ ಟಿಕೆಟ್, ಒಂದು ರಾತ್ರಿಯ ಹೋಟೆಲ್, ಬಸ್ಸಿನ ಬಾಡಿಗೆ, ಎಲ್ಲ ಸೇರಿ ನನ್ನ ಹೆಸರಿಗೆ ಬಂತು. ವರ್ಷಗಟ್ಟಲೆ ಮೀಟಿಂಗುಗಳಲ್ಲಿ ಅದನ್ನು ಎತ್ತಿ ಆಡುತ್ತಿದ್ದರು. ಆ ಪಾಠವನ್ನು ನಾನು ಚೆನ್ನಾಗಿಯೇ ಕಲಿತಿದ್ದೆ: ಮಧ್ಯಾಹ್ನದವರೆಗೆ ಕಾಯಬೇಕು.

ಮಧ್ಯಾಹ್ನಕ್ಕೆ ತೆರೆಯಲಿಲ್ಲ. ವಿಮಾನಯಾನದವರಿಗೆ ಹೊರಡಿಸುವ ಅಧಿಕೃತ ಸೂಚನೆ, ಅಂದರೆ ನೋಟಾಮ್, ಮೇ 10ರ ಬೆಳಗಿನ 5.29ರವರೆಗೆ ಎಂದಿತು. 5.29ರಲ್ಲಿ ಗುಟ್ಟೇನೂ ಇಲ್ಲ. ನೋಟಾಮ್ ಯುಟಿಸಿ ಎಂಬ ಅಂತರರಾಷ್ಟ್ರೀಯ ಸಮಯದಲ್ಲಿ ಬರುತ್ತದೆ, ಅಲ್ಲಿನ ರಾತ್ರಿ 11.59 ಇಲ್ಲಿನ ಬೆಳಗಿನ 5.29. ಇಷ್ಟೆಲ್ಲ ಗೊತ್ತಿದ್ದ ನಾನೇ, ನಿಮಿಷದ ಲೆಕ್ಕದಲ್ಲಿ ಬರೆದ ಸಮಯವನ್ನು ಕಂಡು ಅದನ್ನು ರೈಲಿನ ವೇಳಾಪಟ್ಟಿಯಂತೆ ಓದಿದೆ. ಅಷ್ಟು ಹೊತ್ತಿಗೆ ಮುಗಿಯುತ್ತದೆ ಎಂದು ಅದರಲ್ಲಿ ಎಲ್ಲಿಯೂ ಬರೆದಿರಲಿಲ್ಲ. ಅಲ್ಲಿಯವರೆಗಂತೂ ಇಲ್ಲ ಎಂದಷ್ಟೇ ಇತ್ತು. ವಿಮಾನ ಕಂಪನಿಯ ಗ್ರೂಪ್ ಡೆಸ್ಕ್‌ನವರು ಪಿಎನ್‌ಆರ್ ಅನ್ನು ಮೇ 10ಕ್ಕೆ ಉಚಿತವಾಗಿ ಸರಿಸಿಕೊಟ್ಟರು. ಹೋಟೆಲ್ ವಿಸ್ತರಿಸಿದೆ, ಹೊಸ ವೋಚರ್ ಕಳುಹಿಸಿದೆ. ಖರ್ಚು ಉಳಿಸಿದ್ದಕ್ಕೆ ಮೇಲಿನಿಂದ ಶಹಬ್ಬಾಸ್ ಬಂತು. ಬಸ್ಸನ್ನು ವಾಪಸ್ ಕಳುಹಿಸಿಬಿಡು, ಸುಮ್ಮನೆ ನಿಲ್ಲಿಸಿಕೊಂಡರೆ ಡಿಟೆನ್ಷನ್ ಬಾಡಿಗೆ ಏರುತ್ತದೆ ಎಂದು ಹುಡುಗನಿಗೆ ಹೇಳಿದೆ. “ಆಗಲಿ ಸಾರ್” ಎಂದ.

ಆ ರಾತ್ರಿ ಅಮೃತಸರದಲ್ಲಿ ಎರಡು ಸಲ ದೀಪ ಆರಿಸಿದರು. ಮೊದಲನೆಯದು ದೇಶದಾದ್ಯಂತ ಏರ್ಪಡಿಸಿದ್ದ ಅಣಕು ಕವಾಯತಿನದು. ಮೊದಲೇ ಹೇಳಿದ್ದರಿಂದ ನಮ್ಮವರು ಲಾಬಿಯಲ್ಲಿ ಕೂತು ಅರವತ್ತೈದರ, ಎಪ್ಪತ್ತೊಂದರ ನೆನಪು ತೆಗೆದು ಹರಟಿದರಂತೆ. ಎರಡನೆಯದು ಮಧ್ಯರಾತ್ರಿ ಕಳೆದ ಮೇಲೆ, ಯಾವ ಮುನ್ಸೂಚನೆಯೂ ಇಲ್ಲದೆ. ಅದರ ಹಿಂದೆಯೇ ದೂರದಲ್ಲೆಲ್ಲೋ ಜೋರು ಸದ್ದು.

ನನ್ನ ಫೋನ್ ಹೊಡೆದುಕೊಂಡಿತು. ಹುಡುಗ ಪಿಸುಗುಟ್ಟುತ್ತಿದ್ದ. ಕತ್ತಲಾದರೆ ದನಿ ಏಕೆ ತಗ್ಗಿಸಬೇಕೋ ತಿಳಿಯದು. ಬೆಂಗಳೂರಿನ ನನ್ನ ಮನೆಯಲ್ಲಿ ಟ್ಯೂಬ್‌ಲೈಟ್ ಉರಿಯುತ್ತಿದ್ದರೂ ನಾನೂ ಪಿಸುಗುಟ್ಟಿಯೇ ಉತ್ತರಿಸುತ್ತಿದ್ದೆ. ಹೋಟೆಲಿನವರು ಮೇನ್ ಸ್ವಿಚ್ಚನ್ನೇ ಆರಿಸಿದ್ದರು, ಲಿಫ್ಟ್ ಇಲ್ಲ. ನಾಲ್ಕನೇ ಮಹಡಿಯಲ್ಲಿದ್ದ ಅಮ್ಮನೊಬ್ಬರು ಕೋಣೆಯ ಫ್ರಿಜ್‌ನಲ್ಲಿಟ್ಟ ಇನ್ಸುಲಿನ್ ಕೆಡುತ್ತದೆಂದು ಅಳುತ್ತಿದ್ದರು. ಮೊಬೈಲಿನ ಟಾರ್ಚಿಗೆ ಕರವಸ್ತ್ರ ಸುತ್ತಿಕೊಂಡು ಅವನು ಮೆಟ್ಟಿಲು ಹತ್ತತೊಡಗಿದ. ಅರ್ಧ ದಾರಿಯಲ್ಲಿ ಕೆಳಗಿನಿಂದ ಪಂಜಾಬಿಯಲ್ಲಿ ಕೂಗಾಟ. ನಮ್ಮ ಅಡುಗೆ ಭಟ್ಟರು, ಹೆದರಿದವರಿಗೆ ಕಾಫಿಯಾದರೂ ಕೊಡೋಣವೆಂದು ಹಿಂದಿನ ಅಂಗಳದಲ್ಲಿ ದೊಡ್ಡ ಬರ್ನರ್ ಹಚ್ಚಿಬಿಟ್ಟಿದ್ದರು. ಊರಿಗೆ ಊರೇ ಕತ್ತಲಾಗಿರುವಾಗ ನಮ್ಮ ಹೋಟೆಲಿನ ಹಿಂದೆ ಆಳೆತ್ತರದ ಗೋಡೆಯ ಮೇಲೆ ನೀಲಿ ಬೆಳಕು. ಹೋಟೆಲಿನ ಹುಡುಗ ಓಡಿ ಬಂದು ಸಿಲಿಂಡರ್ ತಿರುಗಿಸಿದ. ಭಟ್ಟರಿಗೆ ಹಿಂದಿ ಬಾರದು, ಪಂಜಾಬಿಯಂತೂ ದೂರದ ಮಾತು. “ಹಾಲು ಉಕ್ಕುವ ಹೊತ್ತಿಗೆ ಆರಿಸಿದರಲ್ಲಾ” ಎಂದು ಅವರು ಗೊಣಗುವುದು ನನಗೆ ಫೋನಿನಲ್ಲೇ ಸ್ಪಷ್ಟವಾಗಿ ಕೇಳಿಸಿತು. ಈಗ ನೆನೆದರೆ ನಗು ಬರುತ್ತದೆ. ಆಗ ಮೈ ಬೆವರಿತ್ತು.

ನಡುವೆ ಫೋನ್ ಕಟ್ಟಾಯಿತು. ಮತ್ತೆ ಸಿಗುವವರೆಗೆ ನಾನು ಮಾಡಿದ್ದು ಇಷ್ಟೇ: ರೂಮಿಂಗ್ ಲಿಸ್ಟ್ ತೆರೆದು, ಹೆಸರುಗಳ ಮುಂದಿನ ವಯಸ್ಸು ಓದುತ್ತ ಕೂತೆ. 68, 71, 74. ಕಾಯುವುದೇ ಜಾಣತನ ಎಂದವನಿಗೆ ಆ ಕಾಲಂ ಹಗಲಿನಲ್ಲಿ ಕಂಡಿರಲಿಲ್ಲ.

ಹಾಗಿದ್ದೂ ಬೆಳಗ್ಗೆ ನನಗೆ ಬುದ್ಧಿ ಬಂತು ಎನ್ನಲಾರೆ. ಎಂಟನೇ ತಾರೀಖು ಕಚೇರಿಗೆ ಬೇಗ ಬಂದು, ದಿಲ್ಲಿಗೆ ಹೊರಡಿಸಲು ಅನುಮತಿ ಕೋರಿ ಮೇಲ್ ಬರೆಯಲು ಕೂತೆ. ಅಂದಾಜು ವೆಚ್ಚ, ಅನುಬಂಧ, ಎಲ್ಲ ಸೇರಿಸಿ. ಕಳುಹಿಸುವಷ್ಟರಲ್ಲಿ ಹುಡುಗನ ಫೋನ್.

“ಸಾರ್, ಬಿಯಾಸ್ ಸೇತುವೆ ದಾಟಿದೆವು.”

“ಯಾವ ಬಸ್ಸಿನಲ್ಲಿ?”

“ಅದೇ ಬಸ್ಸು ಸಾರ್. ನಾನು ಬಿಟ್ಟಿರಲಿಲ್ಲ.”

ನಿನ್ನೆಯ ‘ಆಗಲಿ’ಗೆ ಅವನು ಒಪ್ಪಿರಲೇ ಇಲ್ಲ. ಜಲಂಧರದ ಡ್ರೈವರ್‌ಗೆ ಕೈಯಿಂದ ಮುಂಗಡ ಕೊಟ್ಟು ಹೋಟೆಲಿನ ಪಕ್ಕದಲ್ಲೇ ನಿಲ್ಲಿಸಿಕೊಂಡಿದ್ದ. ಬೆಳಕು ಹರಿಯುತ್ತಲೇ ಎಲ್ಲರನ್ನೂ ಹತ್ತಿಸಿದ್ದ. ಹೆಮ್ಮೆಯಿಂದ ಬರೆಯಲು ಇಲ್ಲಿ ನನ್ನದೇನೂ ಇಲ್ಲ, ಏಕೆಂದರೆ ನಾನು ಅವನ ಮೇಲೆ ರೇಗಿದೆ. ಅನುಮತಿ ಬರುವ ಮುಂಚೆ ಹೇಗೆ ಹೊರಟೆ, ಮೇ 10ರ ಸೀಟುಗಳ ಗತಿಯೇನು, ದಾರಿಯಲ್ಲಿ ಏನಾದರೂ ಆದರೆ ಯಾರು ಹೊಣೆ. ಅವನು ಎಲ್ಲ ಕೇಳಿಸಿಕೊಂಡು, “ಲೂಧಿಯಾನಾ ದಾಟಿದ ಮೇಲೆ ಮಾಡುತ್ತೇನೆ ಸಾರ್, ಭಟ್ಟರು ಉಪ್ಪಿಟ್ಟಿಗೆ ಜಾಗ ಹುಡುಕುತ್ತಿದ್ದಾರೆ” ಎಂದು ಇಟ್ಟ.

ಸಂಜೆ ದಿಲ್ಲಿ ತಲುಪಿದರು. ಅದೇ ರಾತ್ರಿ ಧರ್ಮಶಾಲಾದ ಐಪಿಎಲ್ ಪಂದ್ಯ ಅರ್ಧಕ್ಕೆ ನಿಂತಿತು; ಜಮ್ಮು, ಅಮೃತಸರ, ಜೈಸಲ್ಮೇರ್‌ಗಳಲ್ಲಿ ಮತ್ತೆ ಕತ್ತಲು. ಟಿವಿಗಳಲ್ಲಿ ಕರಾಚಿ ಬಂದರೇ ಧ್ವಂಸವಾಗಿತ್ತು! ಸ್ಟುಡಿಯೊಗಳಲ್ಲಿ ಸೈರನ್ ಮೊಳಗುತ್ತಿತ್ತು. ಹಾಗೆ ಮೊಳಗಿಸಬೇಡಿ ಎಂದು ಸರ್ಕಾರ ಮೇ 10ರಂದು ವಾಹಿನಿಗಳಿಗೆ ಹೇಳಬೇಕಾಯಿತು. ಮೈಸೂರಿನಿಂದ, ಅಮೆರಿಕದಿಂದ ಮಕ್ಕಳ ಕರೆಗಳು. “ಧರ್ಮಶಾಲಾದಲ್ಲಿ ನಮ್ಮ ತಂದೆ ಸಿಕ್ಕಿಕೊಂಡಿದ್ದಾರಂತೆ?” ನಿಮ್ಮ ತಂದೆ ದಿಲ್ಲಿಯ ಕರೋಲ್‌ಬಾಗ್‌ನಲ್ಲಿ ಮಜ್ಜಿಗೆ ಅನ್ನ ಉಣ್ಣುತ್ತಿದ್ದಾರೆ ಎಂದರೆ ನಂಬಿಕೆಯಿಲ್ಲ. ಅವರ ಕೈಯಲ್ಲಿದ್ದದ್ದು ನಾವು ಕೊಟ್ಟ ಹಳೆಯ ಐಟಿನರಿ. ಒಬ್ಬ ಮಗಳ ಬಳಿ ಇನ್ನೂ ಹಳೆಯದು, ಕಾಶ್ಮೀರದ್ದು. ಆಕೆ ಎರಡು ದಿನದಿಂದ ಶ್ರೀನಗರದ ಸುದ್ದಿ ನೋಡುತ್ತ ಕೂತಿದ್ದರು. ಇದು ಯಾವ ದೇಶದ ತಪ್ಪೂ ಅಲ್ಲ, ನಮ್ಮ ಕಚೇರಿಯದು. ಪರಿಷ್ಕೃತ ಐಟಿನರಿಯನ್ನು ಪ್ರಯಾಣಿಕರಿಗೆ ಕಳುಹಿಸುತ್ತೇವೆ, ತುರ್ತು ಸಂಪರ್ಕದವರಿಗೆ ಕಳುಹಿಸುವುದಿಲ್ಲ. ಸಾಫ್ಟ್‌ವೇರ್‌ನಲ್ಲಿ ಆ ಸೌಲಭ್ಯವೇ ಇಲ್ಲ. ಕೇಳಿದರೆ ‘ಮುಂದಿನ ಆವೃತ್ತಿಯಲ್ಲಿ’ ಎನ್ನುತ್ತಾರೆ.

ಒಂಬತ್ತರಂದು ಎರಡು ತಂಡಗಳಾಗಿ ದಿಲ್ಲಿಯಿಂದ ಹಾರಿದರು. ಮೂರು ಗಂಟೆ ಮುಂಚಿತವಾಗಿ ಬನ್ನಿ ಎಂಬ ಸೂಚನೆ, ವಿಮಾನದ ಏಣಿಯ ಬಳಿ ಎರಡನೇ ತಪಾಸಣೆ, ಮಂಡಿನೋವಿನವರಿಗೆ ಗಾಲಿಕುರ್ಚಿ ಸಿಗದ ರಗಳೆ. ಅಂದೇ ಹೊಸ ನೋಟಾಮ್ ಬಂತು: 32 ನಿಲ್ದಾಣಗಳು, ಮೇ 15ರವರೆಗೆ. ಸಮಯ ಮತ್ತದೇ ಬೆಳಗಿನ 5.29. ಹತ್ತರ ಸಂಜೆ ಕದನ ನಿಂತು ಹನ್ನೆರಡಕ್ಕೇ ನಿಲ್ದಾಣಗಳು ತೆರೆದದ್ದು ಬೇರೆ ಮಾತು. ಅದನ್ನು ಹಿಡಿದುಕೊಂಡೇ ನಮ್ಮ ಲೆಕ್ಕಪತ್ರದವರು, “ಇನ್ನು ನಾಲ್ಕು ದಿನ ಕಾದಿದ್ದರೆ ದಿಲ್ಲಿ ಖರ್ಚು ಉಳಿಯುತ್ತಿತ್ತು” ಎಂದು ಟಿಪ್ಪಣಿ ಬರೆದರು. ಆ ಇನ್ಸುಲಿನ್ ಅವರ ಫ್ರಿಜ್‌ನಲ್ಲಿ ಇರಲಿಲ್ಲವಲ್ಲ.

ವಿಮೆಯ ಕಥೆ ಚಿಕ್ಕದು. ಯುದ್ಧ, ಯುದ್ಧಸದೃಶ ಪರಿಸ್ಥಿತಿಗೆ ಪರಿಹಾರವಿಲ್ಲ ಎಂಬ ಷರತ್ತು ಪಾಲಿಸಿಯಲ್ಲಿ ಮೊದಲಿನಿಂದಲೂ ಇತ್ತು. ‘ಸಂಪೂರ್ಣ ವಿಮಾ ರಕ್ಷಣೆ’ ಎಂದು ಕರಪತ್ರದಲ್ಲಿ ಅಚ್ಚು ಹಾಕಿಸಿದವರು ಅದನ್ನು ಓದಿರಲಿಲ್ಲ.

ಹುಡುಗನಿಗೆ ಅನುಮತಿಯಿಲ್ಲದ ವೆಚ್ಚಕ್ಕಾಗಿ ಮೆಮೊ ಬಂತು. ಆ ಮಾಸವೇ ‘ಸಂಕಷ್ಟದಲ್ಲೂ ಸುರಕ್ಷಿತವಾಗಿ ಮನೆಗೆ’ ಎಂಬ ಪೋಸ್ಟರೂ ಬಂತು, ಅದೇ ಗುಂಪಿನ ಫೋಟೊ ಹಾಕಿ. ಮೆಮೊಗೆ ಉತ್ತರ ಬರೆದುಕೊಟ್ಟವನು ನಾನು; ದಿಲ್ಲಿ ಪ್ರಯಾಣಕ್ಕೆ ಮೌಖಿಕ ಅನುಮತಿ ಕೊಟ್ಟಿದ್ದೆ ಎಂದು ಬರೆದೆ. ಸುಳ್ಳು. ಒಂದಿಷ್ಟೂ ಬೇಸರವಿಲ್ಲ.

ಈಗ ನನ್ನ ಮೇಜಿಗೆ ಬರುವ ರೂಟ್ ಶೀಟಿನಲ್ಲಿ ಒಂದು ಕಾಲಂ ಹೆಚ್ಚಿದೆ: ಪ್ರತಿ ರಾತ್ರಿ ತಂಗುವ ಊರಿನಿಂದ ಗಡಿಗೆ ಎಷ್ಟು ದೂರ, ವಿಮಾನವಿಲ್ಲದೆ ಅಲ್ಲಿಂದ ಹೊರಬೀಳಲು ಎಷ್ಟು ಗಂಟೆ. ಜೈಸಲ್ಮೇರ್, ಭುಜ್, ಲೇಹ್, ಎಲ್ಲಕ್ಕೂ. ಬಸ್ಸನ್ನು ಬಿಡಬೇಕೇ ಇಟ್ಟುಕೊಳ್ಳಬೇಕೇ ಎಂಬುದು ಸ್ಥಳದಲ್ಲಿರುವವನ ತೀರ್ಮಾನ ಎಂದೂ ಕೆಳಗೆ ಬರೆದಿದ್ದೇನೆ. ಎರಡನೆಯದಕ್ಕೆ ಆಡಳಿತದವರ ಸಹಿ ಇನ್ನೂ ಬಿದ್ದಿಲ್ಲ. ಸಹಿಯಿಲ್ಲದೆಯೇ ಹುಡುಗರಿಗೆ ಹಂಚುತ್ತಿದ್ದೇನೆ.